ಸಹಾಯ ಬೇಕು: 12,000 ಆರ್‌ಪಿಎಂ ಫ್ಲೈವೀಲ್‌ಗೆ ಕೀವೇ ಹಾಕಬಹುದಾ?

ನಮಸ್ಕಾರ. ನಾನು ಉಡುಪಿಯವನು, ಮನೆ ಹಿಂದಿನ ಶೆಡ್ಡಿನಲ್ಲಿ ಫ್ಲೈವೀಲ್‌ನ (ಜೋರಾಗಿ ತಿರುಗುತ್ತಾ ಶಕ್ತಿ ತುಂಬಿಡುವ ಭಾರದ ಚಕ್ರ) ಒಂದು ಪ್ರಯೋಗ ಮಾಡುತ್ತಿದ್ದೇನೆ. 12,000 ಆರ್‌ಪಿಎಂ ಮೋಟರ್‌ಗೆ 200 ಮಿ.ಮೀ. ವ್ಯಾಸ, 20 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಚಕ್ರ, ತೂಕ ಸುಮಾರು 5 ಕೆಜಿ. ಅಂಚಿನ ವೇಗ ಸೆಕೆಂಡಿಗೆ 125 ಮೀಟರ್ ದಾಟುತ್ತದೆ. ತುಂಬುವ ಶಕ್ತಿ 19 ಕಿಲೋಜೂಲ್‌ಗೂ ಜಾಸ್ತಿ, ಅಂದ್ರೆ ಒಂದು ಟನ್ನಿನ ಕಾರು ಗಂಟೆಗೆ 22 ಕಿ.ಮೀ. ವೇಗದಲ್ಲಿ ಬಂದು ಗುದ್ದಿದ ಹಾಗೆ. ಮನೆಯಲ್ಲಿ ಮಕ್ಕಳಿದ್ದಾರೆ, ಹೆದರಿಕೆ ಆಗಿದೆ.

ಪೂರ್ತಿ ವೇಗದಲ್ಲಿ ತಿರುಗುವಾಗ ತೂತಿಲ್ಲದ ಚಕ್ರದ ನಡುವೆ ಲೋಹದೊಳಗಿನ ಒತ್ತಡ 51 ಎಂಪಿಎ (ಮೆಗಾಪಾಸ್ಕಲ್). ಶಾಫ್ಟಿಗೆ ಸಣ್ಣ ತೂತು ಕೊರೆದ ಕೂಡಲೇ ಅದು ಡಬಲ್, 102. ಎಂಎಸ್‌ನ ಯೀಲ್ಡ್ (ಲೋಹ ಮತ್ತೆ ಮೊದಲಿನ ಆಕಾರಕ್ಕೆ ಬರದಂತೆ ಹಿಗ್ಗಲು ಶುರುವಾಗುವ ಒತ್ತಡ) 250, ಇಲ್ಲಿವರೆಗೆ ಸರಿ ಅಲ್ವಾ? ಆದರೆ ಬೈಕಂಪಾಡಿಯ ಲೇತ್‌ನವರು ಕೀವೇ (ಚಕ್ರ ಶಾಫ್ಟಿನ ಮೇಲೆ ಜಾರದಂತೆ ಲೋಹದ ತುಂಡು ಕೂರಿಸಲು ತೂತಿನ ಒಳಬದಿಗೆ ಕೊರೆಯುವ ಸೀಳು) ಹೊಡೆಯೋಣ, ಏನೂ ಆಗುವುದಿಲ್ಲ ಮಾರಾಯ್ರೆ ಅಂತಾರೆ. ಕೀವೇಯ ಚೂಪು ಮೂಲೆಯಲ್ಲಿ ಒತ್ತಡ ಇನ್ನೂ ಏರುತ್ತದೆ, ಬಿರುಕು ಶುರುವಾಗುವುದೇ ಅಲ್ಲಿ. ಮೊದಲು ಸಣ್ಣ ಅಲ್ಯೂಮಿನಿಯಂ ಚಕ್ರಕ್ಕೆ ಗ್ರಬ್ ಸ್ಕ್ರೂ (ಬದಿಯಿಂದ ಶಾಫ್ಟನ್ನು ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂ) ಹಾಕಿ 3,000ದಲ್ಲಿ ಓಡಿಸಿದ್ದೆ, ಸ್ಕ್ರೂ ಸಡಿಲವಾಯ್ತು, ನಿಲ್ಲಿಸಿದೆ.

ಈಗ ಶ್ರಿಂಕ್ ಫಿಟ್ ಮಾಡುವ, ಅಂದ್ರೆ ಚಕ್ರ ಬಿಸಿ ಮಾಡಿ ತೂತಿಗಿಂತ ಚೂರು ದಪ್ಪದ ಶಾಫ್ಟಿಗೆ ಕೂರಿಸಿ, ತಣಿದಾಗ ಕುಗ್ಗಿ ಬಿಗಿಯಾಗಲು ಬಿಡುವ ಯೋಚನೆ ಇದೆ. ಶಾಫ್ಟ್ 20 ಮಿ.ಮೀ., ಪೂರ್ತಿ ವೇಗದಲ್ಲಿ ತೂತು ಸುಮಾರು 0.01 ಮಿ.ಮೀ. ಹಿಗ್ಗುತ್ತದೆ, ಆಗ ಹಿಡಿತ ತಪ್ಪಬಾರದು.

ಮಾಡಿದವರು ದಯವಿಟ್ಟು ಹೇಳಿ: ಕೀವೇ ಬಿಟ್ಟು ಶ್ರಿಂಕ್ ಫಿಟ್ ಒಂದೇ ಸಾಕಾ, ಸಾಕಾದರೆ ಶಾಫ್ಟ್ ತೂತಿಗಿಂತ ಎಷ್ಟು ಮೈಕ್ರಾನ್ ದಪ್ಪ ಇರಬೇಕು?