ಕಾಫಿ ದುಡ್ಡಲ್ಲಿ ಸೈಟು: ಮೈಸೂರೋ, ಕುಶಾಲನಗರವೋ?

ಪ್ರಶ್ನೆ (ವಿರಾಜಪೇಟೆಯಿಂದ): ಕಾಫಿಗೆ ಒಳ್ಳೆ ರೇಟು ಸಿಕ್ಕಿ, ಸಾಲ ತೀರಿಸಿ 40 ಲಕ್ಷ ಉಳಿದಿದೆ. ಮಗಳು ಮೈಸೂರಲ್ಲಿ ಪಿಯುಸಿ ಓದುತ್ತಿದ್ದಾಳೆ. ಸೈಟು ತಗೊಳ್ಳೋಣ ಅಂತ ಮನೆಯಲ್ಲಿ ಮಾತು. ಮೈಸೂರು, ಕುಶಾಲನಗರ, ಮಂಗಳೂರು, ಬೆಂಗಳೂರು, ಎಲ್ಲಿ ಸರಿ? ತಗೊಂಡು ಅನುಭವ ಇರುವವರು ಹೇಳಿ.

ಕುಶಾಲನಗರದಿಂದ:
ಅಣ್ಣ, ನಾನು 2016ರಲ್ಲಿ ಇಲ್ಲಿ ಹೊಳೆ ಹತ್ತಿರ ಒಂದು 30-40 ಸೈಟು ತಗೊಂಡು ಮನೆ ಕಟ್ಟಿದೆ. ಜಾಗ ನೋಡಲು ಹೋಗಿದ್ದು ಫೆಬ್ರವರಿಯಲ್ಲಿ. ನೆಲ ಚಪ್ಪಟೆ, ರಸ್ತೆ ಅಗಲ, ತಂಪು ಗಾಳಿ. ಮಳೆಗಾಲದ ಯೋಚನೆಯೇ ಬರಲಿಲ್ಲ. 2018ರ ಆಗಸ್ಟಲ್ಲಿ ಕಾವೇರಿ ಉಕ್ಕಿ ನಮ್ಮ ಹಾಲ್‌ವರೆಗೂ ನೀರು ಬಂತು. 2019ರಲ್ಲಿ ಮತ್ತೆ ಬಂತು. ನೀರು ಇಳಿದ ಮೇಲೆ ಬೀರು ತೆಗೆದರೆ ಕೆಳಗಿನ ಅರೆಯಲ್ಲಿ ಮಕ್ಕಳ ಯೂನಿಫಾರಂ ಮೇಲೆ ಬೆರಳು ದಪ್ಪ ಕೆಸರು. ಎಷ್ಟು ತೊಳೆದರೂ ಆ ವಾಸನೆ ತಿಂಗಳುಗಟ್ಟಲೆ ಹೋಗಲಿಲ್ಲ.

ಹಾಗಂತ ಕುಶಾಲನಗರ ಬೇಡ ಅನ್ನುವುದಿಲ್ಲ. ಎತ್ತರದ ಕಡೆ ಒಳ್ಳೆ ಜಾಗಗಳಿವೆ. ಆದರೆ ಜುಲೈ, ಆಗಸ್ಟಲ್ಲಿ ಸ್ವಲ್ಪ ದಿನ ಮಳೆ ಹಿಡಿದ ಮೇಲೆ ಬಂದು ನೋಡಿ. ಬ್ರೋಕರ್ ಬೇಡ, ಪಕ್ಕದ ಮನೆಯವರನ್ನು ಕೇಳಿ. ಹಳೇ ಕಾಂಪೌಂಡ್ ಗೋಡೆಯಲ್ಲಿ ನೀರು ನಿಂತ ಗೆರೆ ಇದೆಯಾ ನೋಡಿ. ನಮ್ಮ ಗೋಡೆಯಲ್ಲಿ ಈಗಲೂ ಸೊಂಟದೆತ್ತರಕ್ಕೆ ಕಾಣುತ್ತದೆ. ರೈಲು ಬರುತ್ತದೆ ಅಂತ ರೇಟು ಏರಿಸಿ ಹೇಳುವವರೂ ಇದ್ದಾರೆ. ಯೋಜನೆ ಇರುವುದು ನಿಜ, ಹಳಿ ಇನ್ನೂ ಬಿದ್ದಿಲ್ಲ. ಆ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಮೈಸೂರಿನಿಂದ, ಊರು ಸೋಮವಾರಪೇಟೆ:
ಮಗಳು ಇಲ್ಲೇ ಓದುತ್ತಿದ್ದಾಳೆ ಅಂದಮೇಲೆ ಮೈಸೂರೇ ವಾಸಿ. ತಿಂಗಳಿಗೊಮ್ಮೆ ಬಂದು ಸೈಟಿನ ಮೇಲೆ ಕಣ್ಣಿಡಬಹುದು, ಅಲ್ವಾ? ಆದರೆ ಕಾಗದ ನೀವೇ ನೋಡಿ. ನಾವು ಊರಾಚೆ ಒಂದು ಲೇಔಟಲ್ಲಿ ಎರಡು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೆವು. ಭೂ ಪರಿವರ್ತನೆ ಆದೇಶದ (ಕೃಷಿ ಜಮೀನನ್ನು ಮನೆ ಸೈಟಿಗೆ ಬಳಸಲು ಕೊಡುವ ಅನುಮತಿ) ಜೆರಾಕ್ಸ್ ತೋರಿಸಿದರು, ನಂಬಿದೆವು. ನನ್ನ ತಮ್ಮ ಹಟ ಹಿಡಿದು ಸರ್ವೆಯವರನ್ನು ಕರೆಸಿದ. ಕಲ್ಲಿಂದ ಕಲ್ಲಿಗೆ ಅಳೆದಾಗ ಗೊತ್ತಾಯ್ತು: ಪರಿವರ್ತನೆ ಆಗಿದ್ದು ಎರಡು ಎಕರೆ, ಸೈಟು ಮಾಡಿದ್ದು ಮೂರು ಎಕರೆಯಲ್ಲಿ. ನಮ್ಮ ಸೈಟು ಆ ಮೂರನೇ ಎಕರೆಯಲ್ಲಿತ್ತು. ಅಡ್ವಾನ್ಸ್ ವಾಪಸ್ ಬರಲು ಒಂದು ವರ್ಷ ಹಿಡಿಯಿತು.

ಆದ್ದರಿಂದ ಪರಿವರ್ತನೆ ಆದೇಶದ ಸರ್ವೆ ನಂಬರ್, ವಿಸ್ತೀರ್ಣ ಎರಡನ್ನೂ ಅಭಿವೃದ್ಧಿ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ ಜೊತೆ ಇಟ್ಟು ನೋಡಿ. ಇ-ಖಾತೆ (ಸೈಟು ಯಾರ ಹೆಸರಲ್ಲಿದೆ ಅಂತ ಸ್ಥಳೀಯ ಸಂಸ್ಥೆ ಕೊಡುವ ಆನ್‌ಲೈನ್ ದಾಖಲೆ) ಇಲ್ಲದೆ ಈಗ ಸೈಟು ರಿಜಿಸ್ಟರ್ ಆಗುವುದಿಲ್ಲ, ಅದನ್ನು ಮೊದಲೇ ಕೇಳಿ. ಇಸಿ (ಆಸ್ತಿಯ ಮೇಲೆ ಆದ ಮಾರಾಟ, ಸಾಲದ ನೋಂದಣಿಗಳ ಪಟ್ಟಿ) 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ಹೊಸ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೇಳಿ. ಇನ್ನೊಂದು, 40 ಲಕ್ಷವನ್ನೂ ಸೈಟಿಗೇ ಹಾಕುವ ಹಾಗಿಲ್ಲ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2 ಆಗಿದೆ. ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿದರೆ ಸುಮಾರು 3 ಲಕ್ಷ ಅದಕ್ಕೇ ಬೇಕು.

ಮಡಿಕೇರಿಯಿಂದ:
ಬೆಂಗಳೂರು, ಮಂಗಳೂರು ಬಗ್ಗೆ ನನಗೆ ಹೇಳಲು ಬರುವುದಿಲ್ಲ. ಇಲ್ಲೇ ಬೆಟ್ಟದ ಮೇಲೆ ಹೋಂಸ್ಟೇಗೆ ಜಾಗ ಅಂತ ಯಾರಾದರೂ ತೋರಿಸಿದರೆ ದಯವಿಟ್ಟು ಅವಸರ ಮಾಡಬೇಡಿ. 2018ರಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದು ನೀವೂ ಕಂಡವರೇ. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡಿದ ಜಾಗ ನೋಡಿದರೆ ನನಗೆ ಈಗಲೂ ಎದೆ ನಡುಗುತ್ತದೆ. ಜಮ್ಮಾ ಬಾಣೆ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಆದರಂತೂ ಪಹಣಿಯಲ್ಲಿ ಅಜ್ಜಂದಿರ ಕಾಲದ ಹೆಸರುಗಳೇ ಇರಬಹುದು, ಪಾಲುದಾರರು ಎಲ್ಲೆಲ್ಲೋ ಇರುತ್ತಾರೆ. ಒಬ್ಬರ ಸಹಿ ತಪ್ಪಿದರೂ ಕೋರ್ಟು. ರಿಡೀಮ್ಡೋ (ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಂಡದ್ದೋ) ಅಲ್ವೋ ಕೇಳಿ, ಅಲ್ಲದಿದ್ದರೆ ಮರದ ಮೇಲೆ ಸರ್ಕಾರದ ಹಕ್ಕಿರುತ್ತದೆ.

ವಿರಾಜಪೇಟೆಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರಲ್ಲಿ ಒಂದು ಸೈಟು ನೋಡಿಟ್ಟಿದ್ದೆ, ಬರುವ ವಾರ ಅಡ್ವಾನ್ಸ್ ಕೊಡುವವನಿದ್ದೆ. ಈಗ ತಡೆದಿದ್ದೇನೆ. ಮೊದಲು ಸರ್ವೆ ಆಗಲಿ. ಅಕ್ಕ, ನಿಮ್ಮ ತಮ್ಮನವರು ಒಂದು ದಿನ ಜೊತೆಗೆ ಬರಬಹುದಾ?