ಅಪ್‌ಡೇಟ್: ಸಿಸೇರಿಯನ್‌ನಲ್ಲಿ ಎಲ್ಲರಿಗೂ ಟ್ರಾನೆಕ್ಸಾಮಿಕ್ ಆ್ಯಸಿಡ್ ಬೇಕೇ?

ಸಿಸೇರಿಯನ್ ಆಗುವ ಪ್ರತಿಯೊಬ್ಬರಿಗೂ ಆಕ್ಸಿಟೋಸಿನ್ ಜೊತೆ 1 ಗ್ರಾಂ ಟ್ರಾನೆಕ್ಸಾಮಿಕ್ ಆ್ಯಸಿಡ್ ಕೊಡಬೇಕೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಆ ಉತ್ತರಗಳನ್ನೂ ಪ್ರಯೋಗಗಳ ಫಲಿತಾಂಶವನ್ನೂ ಒಟ್ಟಿಗಿಟ್ಟು ನೋಡಿದ ಮೇಲೆ ನನ್ನ ನಿಲುವು: ಎಲ್ಲರಿಗೂ ಬೇಡ.

ಆಕ್ಸಿಟೋಸಿನ್ ಗರ್ಭಕೋಶವನ್ನು ಬಿಗಿಗೊಳಿಸುತ್ತದೆ; ಟ್ರಾನೆಕ್ಸಾಮಿಕ್ ಆ್ಯಸಿಡ್ ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುತ್ತದೆ. ಒಂದಕ್ಕೆ ಇನ್ನೊಂದು ಬದಲಿಯಲ್ಲ. 2021ರ ಫ್ರಾನ್ಸ್ ಪ್ರಯೋಗದಲ್ಲಿ, ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ ಹಾಕಿದ ಮೇಲೆ ಕೊಟ್ಟಾಗ ರಕ್ತನಷ್ಟ ಸರಾಸರಿ ಸುಮಾರು 100 ಮಿ.ಲೀ. ಕಡಿಮೆಯಾಯಿತು. ಆದರೆ ರಕ್ತ ಏರಿಸಬೇಕಾದವರ ಪ್ರಮಾಣ ಗಮನಾರ್ಹವಾಗಿ ಇಳಿಯಲಿಲ್ಲ, ವಾಕರಿಕೆ-ವಾಂತಿ ಹೆಚ್ಚಿತು. ಸುಮಾರು 11,000 ಮಹಿಳೆಯರಿದ್ದ 2023ರ ಅಮೆರಿಕದ ಪ್ರಯೋಗದಲ್ಲೂ ಸಾವು ಅಥವಾ ರಕ್ತ ಏರಿಸುವ ಅಗತ್ಯದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಅತಿಯಾದ ರಕ್ತಸ್ರಾವ ಶುರುವಾದರೆ ಮಾತೇ ಬೇರೆ. ಆಗ ಈ ಔಷಧಿ ಕೊಡಲು ಕಾಯಬಾರದು. ಹೆರಿಗೆಯಾದ 3 ಗಂಟೆಯೊಳಗೆ 1 ಗ್ರಾಂ (10 ಮಿ.ಲೀ.) ರಕ್ತನಾಳಕ್ಕೆ, ನಿಮಿಷಕ್ಕೆ 1 ಮಿ.ಲೀ.ನಂತೆ 10 ನಿಮಿಷದಲ್ಲಿ. ವೇಗವಾಗಿ ಚುಚ್ಚಿದರೆ ರಕ್ತದೊತ್ತಡ ಕುಸಿಯಬಹುದು. 30 ನಿಮಿಷದ ನಂತರವೂ ರಕ್ತ ನಿಲ್ಲದಿದ್ದರೆ, ಅಥವಾ 24 ಗಂಟೆಯೊಳಗೆ ಮತ್ತೆ ಶುರುವಾದರೆ, ಇನ್ನೊಂದು 1 ಗ್ರಾಂ. ಪ್ರತಿ 15 ನಿಮಿಷ ತಡವಾದಂತೆ ಪ್ರಯೋಜನ ಸುಮಾರು ಶೇ. 10ರಷ್ಟು ಇಳಿಯುತ್ತದೆ, 3 ಗಂಟೆ ದಾಟಿದರೆ ಕೊಡುವುದಿಲ್ಲ.

ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರಿಗೆ, ಸೆಳವಿನ (ಫಿಟ್ಸ್) ತೊಂದರೆ ಇರುವವರಿಗೆ ಇದು ಅಪಾಯಕಾರಿ; ಇವು ಇವೆಯೇ ಎಂದು ಮೊದಲೇ ವಿಚಾರಿಸಿಕೊಂಡಿರಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಅದಲುಬದಲು. ಇದರ ಆಂಪೂಲ್ ಬೆನ್ನಿಗೆ ಕೊಡುವ ಅರಿವಳಿಕೆ ಔಷಧಿ ಬುಪಿವಕೈನ್‌ನದನ್ನು ಹೋಲಬಹುದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ತೀವ್ರ ಸೆಳವು, ಹೃದಯದ ಲಯ ತಪ್ಪುವುದು, ಸಾವು ಕೂಡ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಆದ್ದರಿಂದ ಇದನ್ನು ಅರಿವಳಿಕೆ ಔಷಧಿಗಳ ಟ್ರೇಯಲ್ಲಿ ಇಡಲೇಬಾರದು. ಬೇರೆ ಜಾಗ, ಎದ್ದು ಕಾಣುವ ಲೇಬಲ್, ಸಿರಿಂಜ್‌ಗೆ ಎಳೆಯುವ ಮುನ್ನ ಇಬ್ಬರು ಹೆಸರನ್ನು ಗಟ್ಟಿಯಾಗಿ ಓದುವುದು.