ಮಲೆನಾಡಿನ ಅಡುಗೆಮನೆಗೆ 1400 ವ್ಯಾಟಿನ ಬ್ಲೆಂಡರ್ ಸರಿಯೇ?

ಪ್ರಶ್ನೆ, ತೀರ್ಥಹಳ್ಳಿ: ಒಂದೆಲಗದ ತಂಬುಳಿ, ನೀರುದೋಸೆ ಹಿಟ್ಟು, ಕಾಯಿ ಮಸಾಲೆ ಮೂರಕ್ಕೂ ಒಂದೇ ಬ್ಲೆಂಡರ್ ಸಾಕಾ? ಮಳೆಗಾಲದಲ್ಲಿ ವೋಲ್ಟೇಜ್ ತೀರಾ ಇಳಿಯುತ್ತದೆ.

ಉತ್ತರ, ಸಾಗರ: ತಂಬುಳಿ, ನೀರುದೋಸೆಗೆ ಧಾರಾಳ. ಕಾಯಿ ಮಸಾಲೆಗೆ ಬೇಡ. ಅಗಲದ ಜಾರಿನಲ್ಲಿ ನೀರು ಕಡಿಮೆಯಾದರೆ ಮಸಾಲೆ ಗೋಡೆಗೆ ಮೆತ್ತಿಕೊಂಡು, ಬ್ಲೇಡಿನ ಸುತ್ತ ಗಾಳಿ ತುಂಬಿ, ಅದು ಬರಿದೇ ತಿರುಗುತ್ತದೆ. ಒಂದು ಹಿಡಿ ಮಸಾಲೆಗೆ ಮಿಕ್ಸಿಯ ಚಟ್ನಿ ಜಾರೇ ಮೇಲು.

ಉತ್ತರ, ಶಿವಮೊಗ್ಗ: 1400 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್, 16 ಆಂಪಿಯರ್ ಸಾಕೆಟ್ಟಿಗೇ ಹಾಕಿ. ವೋಲ್ಟೇಜ್ ಇಳಿದರೆ ಮೋಟರಿನ ಬಲ ಕುಗ್ಗಿ, ಗಟ್ಟಿ ಹಿಟ್ಟಿನಲ್ಲಿ ಸಿಕ್ಕಿ ವೈಂಡಿಂಗ್, ಅಂದರೆ ಮೋಟರಿನೊಳಗಿನ ತಂತಿ ಸುರುಳಿ, ಬಿಸಿಯಾಗುತ್ತದೆ. ಜಾರಿನ ಅಡಿಯಲ್ಲಿ ಕಪ್ಪು ನೀರು ಜಿನುಗಿದರೆ ಸೀಲ್ ಹೋಗಿದೆ ಅಂತಲೇ; ಆ ಜಾರು ಬಳಸಬೇಡಿ.

ತೀರ್ಥಹಳ್ಳಿ: ನೀರುದೋಸೆಯ ಅಕ್ಕಿ ರುಬ್ಬಲು ನೀರೆಷ್ಟು?

ಸಾಗರ: 4 ಗಂಟೆ ನೆನೆದ ಒಂದು ಲೋಟ ಅಕ್ಕಿಗೆ ಮುಕ್ಕಾಲು ಲೋಟ ತಣ್ಣೀರು. 40 ಸೆಕೆಂಡು ತಿರುಗಿಸಿ, ನಿಲ್ಲಿಸಿ, ಮತ್ತೆ 40. ಒಂದೇ ಸಮ ಬಿಟ್ಟರೆ ಹಿಟ್ಟು ಬಿಸಿಯಾಗುತ್ತದೆ.